ಲಕ್ಷಣವಿಲ್ಲದ ರೋಗಿ

ನನಗೆ ಏನೂ ಆಗಿರಲಿಲ್ಲ. ಕಷ್ಟ ಶುರುವಾದದ್ದೇ ಅಲ್ಲಿಂದ. ಜ್ವರ ಬಂದಿದ್ದರೆ ಗಂಜಿ ಕುಡಿದು ಮಲಗುತ್ತಿದ್ದೆ. ಕಾಲು ಮುರಿದಿದ್ದರೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದೆ. ಏನೂ ಆಗದವಳನ್ನು ರೋಗಿ ಮಾಡಿ ಕೂಡಿಸಿದರೆ ಅವಳು ತೋರಿಸುವುದಾದರೂ ಏನನ್ನು? ನೋಡಲು ಬಂದವರು ನನ್ನ ಮುಖ ನೋಡಿ ನಿರಾಶರಾಗಿ ಹೋಗುತ್ತಿದ್ದರು. "ಸೀಕು ಅಂದ್ರು, ಕಂಡ್ರೆ ಹಂಗೆ ಕಾಣೂದಿಲ್ಲ" ಎಂದು ಪಕ್ಕದ ಮನೆಯ ಬಂಗಾರಿ ನನ್ನೆದುರಿಗೇ ಹೇಳಿದಳು, ಅದೂ ನಾನೇನೋ ಮೋಸ ಮಾಡಿ ಸಿಕ್ಕಿಬಿದ್ದ ಹಾಗೆ.

ಇದಕ್ಕೆಲ್ಲ ಮೂಲಪುರುಷರು ನನ್ನ ಯಜಮಾನರು, ಶ್ರೀಯುತ ರಮಾನಂದ ಹೆಗಡೆ ಮಾಸ್ತರರು. ಕುಮಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ನಾವಿರುವುದು ಅಲ್ಲೇ ಹತ್ತಿರದ ಬಾಡದಲ್ಲಿ. ಶಾಲೆ ನಡೆಯುವಷ್ಟು ಕಾಲ ಅವರ ತಲೆ ಮಕ್ಕಳ ಮೇಲೆ ಖರ್ಚಾಗುವುದರಿಂದ ಮನೆ ಕ್ಷೇಮವಾಗಿರುತ್ತದೆ. ಬೇಸಿಗೆ ರಜೆ ಬಿತ್ತೆಂದರೆ ಆ ತಲೆ ಇಡಿಯಾಗಿ ಮನೆಗೇ ಮೀಸಲು. ಹಿಂದಿನ ರಜೆಯಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದರು. ಸಾಸಿವೆ ಎಲ್ಲಿದೆಯೆಂದು ನನಗೆ ಗೊತ್ತಾಗುವಾಗ ಮಳೆಗಾಲ ಬಂದಿತ್ತು. ಈ ಸಲದ ರಜೆಯಲ್ಲಿ ಅವರ ದೃಷ್ಟಿ ಆರೋಗ್ಯದ ಮೇಲೆ ಬಿತ್ತು.

"ಮಂಗಲಾ, ಇಡೀ ಮೈ ಟೆಸ್ಟ್ ಮಾಡ್ಸಲೆ ಒಂದು ಪ್ಯಾಕೇಜ್ ಬೈಂದು. ಗಂಡ-ಹೆಂಡ್ತಿ ಇಬ್ರೂ ಮಾಡ್ಸಿರೆ ರಿಯಾಯಿತಿ ಇದ್ದಡ."

"ನಂಗೆ ಎಂತ ಆಯ್ದು? ನಾ ಅರಾಮಿದ್ದಿ."

"ಅರಾಮಿದ್ದಿ ಹೇಳಿ ನಿಂಗೆ ಹೆಂಗೆ ಗೊತ್ತು? ಟೆಸ್ಟ್ ಮಾಡ್ಸದೇ ಗೊತ್ತಾಗ್ತಿಲ್ಲೆ."

ಲೆಕ್ಕದ ಮಾಸ್ತರರ ಜೊತೆ ವಾದ ಮಾಡುವಷ್ಟು ಪುರುಸೊತ್ತು ನನಗಿರಲಿಲ್ಲ. ಇಬ್ಬರೂ ಕೈ ಚಾಚಿ ರಕ್ತ ಕೊಟ್ಟೆವು.

ವರದಿ ಮೊಬೈಲಿಗೇ ಬಂತು. ಅವರದರಲ್ಲಿ ಮೊದಲಿಂದ ಕಡೆಯವರೆಗೂ ಕಪ್ಪಕ್ಷರ, ಎಲ್ಲವೂ ಸರಿ. ತಕ್ಷಣ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ ಅಭಿನಂದನೆ ಸ್ವೀಕರಿಸಿದರು. (ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಸಂತೋಷ.) ನನ್ನದರಲ್ಲಿ ಪುಟಗಟ್ಟಲೆ ಕಪ್ಪಿನ ನಡುವೆ ಒಂದೇ ಒಂದು ಸಾಲು ಕೆಂಪು. ಎ.ಎನ್.ಎ. ಪಾಸಿಟಿವ್.

"ಎಂತದು ಅದು?"

ಅವರು ಬಹಳ ಹೊತ್ತು ಮೊಬೈಲಿನಲ್ಲಿ ಓದಿದರು. ಓದುತ್ತ ಓದುತ್ತ ಮುಖ ಗಂಭೀರವಾಯಿತು.

"ನಮ್ಮ ಮೈಯೊಳಗೆ ರೋಗದ ಜೊತೆಗೆ ಹೋರಾಡಲೆ ಒಂದು ಸೈನ್ಯ ಇರ್ತಡ. ನಿನ್ನ ಸೈನ್ಯ ನಿನ್ನ ಮೇಲೇ ತಿರುಗಿ ಬೀಳಲೂ ಸಾಕು ಹೇಳಿ ಇದ್ದು ಇದ್ರಲ್ಲಿ."

"ಮನೆಯವೇ ತಿರುಗಿ ಬೀಳದು ನಂಗೆ ಹೊಸ್ತಲ್ಲ. ಮದುವೆಯಾದಾಗಿಂದ ಅನುಭವ ಇದ್ದು" ಎಂದೆ.

ಅವರು ನಗಲಿಲ್ಲ. ನನ್ನ ಕುಚೋದ್ಯಕ್ಕೆ ಈ ಮನುಷ್ಯ ಉರಿದುಬೀಳುತ್ತಾರೆ, ಇಲ್ಲವೆ ನಗುತ್ತಾರೆ. ಎರಡೂ ಮಾಡದಿದ್ದಾಗ ನನಗೆ ಹೆದರಿಕೆಯಾಯಿತು. ಮೊಬೈಲ್ ಕಸಿದುಕೊಂಡು ನಾನೂ ಓದಿದೆ. ಕೀಲುಗಂಟು, ಚರ್ಮ, ಕಿಡ್ನಿ ಎಂದೆಲ್ಲ ಬರೆದಿತ್ತು. ಕಿಡ್ನಿ ಎಂಬ ಶಬ್ದ ಕಣ್ಣಿಗೆ ಬಿದ್ದ ಮೇಲೆ ಆ ದಿನದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಧಾರವಾಡದಲ್ಲಿ ಓದುತ್ತಿರುವ ಮಗಳು ದಿವ್ಯಶ್ರೀಗೆ ಪರೀಕ್ಷೆ ಹತ್ತಿರ ಬಂದಿತ್ತು. ಅವಳಿಗೆ ಹೇಳುವುದೋ ಬಿಡುವುದೋ ಎಂದು ಯೋಚಿಸಿ ಕಡೆಗೆ ಹೇಳಲಿಲ್ಲ. ತಮಾಷೆಗೆ ಬರೆಯುತ್ತಿದ್ದೇನೆಂದು ನೀವು ತಿಳಿಯಬೇಡಿ, ನಿಜವಾಗಿಯೂ ಹೆದರಿದ್ದೆ.

ಮರುದಿನ ನಮ್ಮ ಖಾಯಂ ಡಾಕ್ಟರು ನರೇಶರ ಹತ್ತಿರ ಹೋದೆವು. ಅವರು ವರದಿ ನೋಡಿ, ನನ್ನನ್ನು ನೋಡಿ, "ಏನು ತೊಂದರೆ?" ಎಂದು ಕೇಳಿದರು.

"ಏನೂ ಇಲ್ಲ."

"ಮತ್ತೆ ಈ ಟೆಸ್ಟ್ ಯಾಕೆ ಮಾಡಿಸಿದ್ರಿ?"

ನಾನು ಯಜಮಾನರತ್ತ ನೋಡಿದೆ. ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಗಾಬರಿ ಬೇಡ" ಎಂದರು ಡಾಕ್ಟರು. "ಮನಸ್ಸಿಗೆ ಸಮಾಧಾನ ಆಗಬೇಕಿದ್ದರೆ ಇದರ ತಜ್ಞೆ ತಿಂಗಳಿಗೊಮ್ಮೆ ಹೊನ್ನಾವರಕ್ಕೆ ಬರ್ತಾರೆ. ಈ ತಿಂಗಳದ್ದು ಮೊನ್ನೆ ಭಾನುವಾರ ಆಗಿಹೋಯ್ತು. ಮುಂದಿನ ಸಲ ತೋರಿಸಿ. ಅಷ್ಟರೊಳಗೆ ಗಂಟು ಊದಿದರೆ, ಬಿಸಿಲಿಗೆ ಹೋದಾಗ ಮುಖ ಕೆಂಪಾಗಿ ಗುಳ್ಳೆ ಎದ್ದರೆ, ಬಾಯಿಹುಣ್ಣು ಪದೇ ಪದೇ ಆದರೆ, ಕೂದಲು ತುಂಬಾ ಉದುರಿದರೆ, ತಣ್ಣೀರು ಮುಟ್ಟಿದಾಗ ಬೆರಳು ಬೆಳ್ಳಗಾದರೆ ನನಗೆ ಫೋನ್ ಮಾಡಿ. ಇಲ್ಲದಿದ್ದರೆ ಆರಾಮಾಗಿರಿ."

ಆರಾಮಾಗಿರಿ ಎಂಬ ಕಡೆಯ ಮಾತು ಯಜಮಾನರ ಕಿವಿಗೆ ಬೀಳಲಿಲ್ಲ. ಅದಕ್ಕೆ ಮೊದಲಿನದ್ದೆಲ್ಲ ಅಕ್ಷರ ಬಿಡದೆ ಬಾಯಿಪಾಠವಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಲಕ್ಷಣಾನ್ವೇಷಣ ಮಹಾಯಜ್ಞ ಆರಂಭವಾಯಿತು.

ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ಟಾರ್ಚು.

"ಬಾಯಿ ತೆಗಿ. ಆ ಹೇಳು."

"ಹಲ್ಲಾದ್ರೂ ತಿಕ್ಕಿ ಬತ್ತೆ, ತಡೀರಿ."

"ಬ್ಯಾಡ, ಹಂಗೇ ಇರಲಿ. ಎದ್ದ ಕೂಡ್ಲೆ ಬೆರಳು ಬಿಗಿ ಹಿಡ್ದಾಂಗೆ ಆಗ್ತಾ?"

"ಇಲ್ಲೆ."

"ಸರೀ ನೋಡಿ ಹೇಳು. ಅವಸರ ಮಾಡಡ."

ನನ್ನ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಎಣಿಸಿ ನಿನ್ನೆಯ ಸರಾಸರಿಗೆ ಹೋಲಿಸುತ್ತಿದ್ದರು. (ಅವರ ತಲೆಯಲ್ಲಿ ಎಣಿಸಲು ಉಳಿದದ್ದು ಕಡಿಮೆ, ಬಹುಶಃ ಹಳೆಯ ಅಭ್ಯಾಸ ಬಿಡಲಾಗಲಿಲ್ಲ.) ಒಂದು ಮಧ್ಯಾಹ್ನ ನನ್ನ ಕೈಯನ್ನು ಫ್ರಿಜ್ಜಿನೊಳಗೆ ತುರುಕಿ, ಬೆರಳು ಬೆಳ್ಳಗಾಗುತ್ತವೋ ಎಂದು ಬಾಗಿಲು ಹಿಡಿದು ನಿಂತರು. ಬೆರಳಿಗೆ ಏನೂ ಆಗಲಿಲ್ಲ. ಕೈ ತಾಗಿ ಮೊಸರಿನ ಪಾತ್ರೆ ಬಿತ್ತು, ನೆಲ ಬೆಳ್ಳಗಾಯಿತು.

ಇಷ್ಟನ್ನೆಲ್ಲ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಅದು ಹಪ್ಪಳದ ಕಾಲ.

ನಮ್ಮ ಕೇರಿಯಲ್ಲಿ ಹಲಸಿನಕಾಯಿ ಹಪ್ಪಳ ಒಬ್ಬರೇ ಮಾಡುವ ಕೆಲಸವಲ್ಲ. ಕಾಯಿ ಕೊಯ್ದು, ತೊಳೆ ಬಿಡಿಸಿ, ಬೇಯಿಸಿ, ಗ್ರೈಂಡರಿಗೆ ಹಾಕಿ, ಉಪ್ಪು ಮೆಣಸು ಸೇರಿಸಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ, ಬಿಸಿಲಿಗೆ ಹಾಕುವಷ್ಟರಲ್ಲಿ ಒಂಟಿ ಹೆಂಗಸಿನ ಸೊಂಟ ಉಳಿಯುವುದಿಲ್ಲ. ಅದಕ್ಕೇ ಮುರಿಯಾಳು. ಇವತ್ತು ನೀವೆಲ್ಲ ನಮ್ಮ ಮನೆಗೆ, ನಾಳೆ ನಾನು ನಿಮ್ಮ ಮನೆಗೆ. ನಮ್ಮದು ನಾಲ್ಕು ಮನೆಯ ಕೂಟ. ಎದುರು ಮನೆಯ ಶ್ರೀಮತಿ ಅತ್ತಿಗೆ ನಮ್ಮೆಲ್ಲರ ಯಜಮಾನಿ, ಮತ್ತೆ ಬಂಗಾರಿ, ಹಪ್ಪಳಕ್ಕೆಂದೇ ಬ್ಯಾಂಕಿನ ಕೆಲಸಕ್ಕೆ ರಜೆ ಹಾಕುವ ಹಿಂದಿನ ಮನೆಯ ಸೊಸೆ ಹುಡುಗಿ ಸ್ಮೃತಿ, ಮತ್ತು ನಾನು. ಕೂಟದಲ್ಲಿ ಒತ್ತುವ ಮಣೆ ನನ್ನದು. ಮದುವೆಯಾಗಿ ಬಂದ ಮೂರನೇ ಬೇಸಿಗೆಯಲ್ಲಿ ಅದು ನನ್ನ ಕೈಗೆ ಬಂದದ್ದು, ಆಮೇಲೆ ಬೇರೆಯವರು ಮುಟ್ಟಿಲ್ಲ. ವರ್ಷವಿಡೀ ಮನೆಯಲ್ಲಿ ಮಾಡಿದ್ದಕ್ಕೆ ಯಾರೂ ಹೆಸರು ಹೇಳುವುದಿಲ್ಲ. ಆ ಮಣೆಯ ಮುಂದೆ ಕೂತಾಗ ಮಾತ್ರ ನಾನು ಯಾರೋ ಒಬ್ಬಳು ಅನ್ನಿಸುತ್ತಿತ್ತು. ಊರಿನ ಸುದ್ದಿಯೆಲ್ಲ ಸಿಗುವುದೂ ಅಲ್ಲೇ.

ಆ ವರ್ಷ ನಮ್ಮ ಮರದ ಕಾಯಿ ಬೇಗ ಬೆಳೆದಿತ್ತು. ರಕ್ತ ಕೊಡುವ ಮೊದಲೇ ಎಲ್ಲರೂ ಬಂದು ನಮ್ಮ ಮನೆಯ ಹಪ್ಪಳ ಮುಗಿಸಿಕೊಟ್ಟಿದ್ದರು. ಇನ್ನು ನಾನು ಮೂರು ಮನೆಗೆ ಹೋಗಬೇಕಿತ್ತು. ಬಂಗಾರಿಯ ಮನೆಯಿಂದ ಕರೆ ಬಂದ ದಿನ ನಾನು ಸೀರೆ ಸೆರಗು ಸಿಕ್ಕಿಸಿ ಹೊರಟರೆ ಯಜಮಾನರು ಬಾಗಿಲಿಗೆ ಅಡ್ಡ ನಿಂತರು.

"ಬಿಸಿಲು ವರ್ಜ್ಯ. ಗಂಟಿಗೆ ಶ್ರಮ ವರ್ಜ್ಯ. ಮಣೆ ಒತ್ತುಲೆ ಹೋಗಡ."

"ಡಾಕ್ಟ್ರು ಹಂಗೆ ಹೇಳಿದ್ವೇ ಇಲ್ಲೆ!"

"ಅವು ಹೇಳದು ಬಂದ ಮೇಲೆ. ನಾ ಹೇಳದು ಬಪ್ಪ ಮೊದ್ಲು."

"ಅವೆಲ್ಲ ಬಂದು ನಮ್ಮನೆ ಕೆಲಸ ಮಾಡಿಕೊಟ್ಟಾಯ್ದು. ಈಗ ನಾ ಹೋಗದಿದ್ರೆ ಮುರಿಯಾಳಿಗೆ ಎಂತ ಮಾಡದು?"

ಅವರು ಒಂದು ನಿಮಿಷ ಯೋಚಿಸಿದರು. ಆಮೇಲೆ ಪಂಚೆ ಎತ್ತಿ ಕಟ್ಟಿದರು.

"ಮನೆಗೊಂದು ಆಳು ಹೇಳಿ ಲೆಕ್ಕ ತಾನೆ? ನಾ ಹೋಗ್ತೆ."

ಕಾಯಿಲೆಯ ಹೆದರಿಕೆಯ ನಡುವೆಯೂ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈ ಮಹಾನುಭಾವರಿಗೆ ಕುಕ್ಕರಿನ ಮುಚ್ಚಳ ಯಾವ ಕಡೆ ತಿರುಗಿಸಬೇಕೆಂಬುದೇ ಇನ್ನೂ ತೀರ್ಮಾನವಾಗಿಲ್ಲ. ಸಂಜೆ ಮೀಸೆಗೆ ಹಿಟ್ಟು ಮೆತ್ತಿಕೊಂಡು ಬಂದರು.

"ಹೆಂಗಾತು?"

"ಒಂದು ನಮೂನೆ ಆತು."

ನನಗೆ ಪರಮ ತೃಪ್ತಿಯಾಯಿತು. ಒಂದೇ ದಿನಕ್ಕೆ ಸಾಕುಬೇಕಾಗಿ ಅತ್ತಿಗೆಯೇ ಓಡಿ ಬಂದು ನನ್ನನ್ನು ಕರೆಯುತ್ತಾಳೆಂದು ಕಾದೆ. ಅತ್ತಿಗೆ ಬರಲಿಲ್ಲ. ಎರಡನೆಯ ದಿನ ಯಜಮಾನರು ಚಾ ಕುಡಿಯುವುದಕ್ಕೂ ನಿಲ್ಲದೆ ಹೋದರು. ಸ್ಮೃತಿಯ ಮನೆಯ ಸರದಿ ಬಂದಾಗ ಮಗಳ ಹಳೆಯ ಕಂಪಾಸ್ ಪೆಟ್ಟಿಗೆ ಹುಡುಕುತ್ತಿದ್ದರು.

"ಅದೆಂತಕ್ಕೆ?"

"ಪ್ಲಾಸ್ಟಿಕ್ ಮೇಲೆ ವೃತ್ತ ಬರ್ಕಂಡ್ರೆ ಎಲ್ಲಾ ಹಪ್ಪಳ ಒಂದೇ ಅಳತೆಗೆ ಬತ್ತು. ನಡು ಮಧ್ಯಕ್ಕೆ ಉಂಡೆ ಇಟ್ರೆ ಆತು."

ಹಪ್ಪಳಕ್ಕೆ ಕೇಂದ್ರಬಿಂದು! ನಾನು ಕೇಳಿಯೂ ಕೇಳದ ಹಾಗೆ ಒಳಗೆ ಹೋದೆ. ಅದಕ್ಕಿಂತ ದೊಡ್ಡ ಹಿಂಸೆ ಅವರು ತರುತ್ತಿದ್ದ ಸುದ್ದಿ.

"ಒಂದು ಹುಡುಗಿ ಗಂಡನ ಮನೆ ಬಿಟ್ಟು ಬೈಂದಡ."

"ಯಾರ ಮನೆದು?"

"ಹೆಸರು ಕೇಳಿದ್ನಿಲ್ಲೆ."

"ಎಂತಕ್ಕೆ ಬಂತಡ?"

"ಅದನ್ನ ಹೇಳ್ತಾ ಇದ್ದಿದ್ವು, ಅಷ್ಟೊತ್ತಿಗೆ ಗ್ರೈಂಡರ್ ಶುರುವಾತು."

ಹೀಗೆ ಅರ್ಧ ಬೆಂದ ಸುದ್ದಿ ತಂದು ಮುಂದಿಟ್ಟು ತಾವು ಸ್ನಾನಕ್ಕೆ ಹೋಗುತ್ತಿದ್ದರು. ನನ್ನ ಸೈನ್ಯ ನಿಜವಾಗಿ ತಿರುಗಿ ಬಿದ್ದಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶ್ರೀಮತಿ ಅತ್ತಿಗೆ ಬ್ರೆಡ್ಡು, ಎಳನೀರು ಹಿಡಿದು ನನ್ನನ್ನು ನೋಡಲು ಬಂದಳು.

"ಎಂತಾತೆ ಮಂಗಲಾ? ಎಲ್ಲಿ ನೋವು?"

"ಎಲ್ಲೂ ಇಲ್ಲೆ ಅತ್ಗೆ. ನಾ ಅರಾಮೇ ಇದ್ದಿ."

ಅವಳು ನನ್ನ ಕೈ ಹಿಡಿದು, ನೋವು ನುಂಗಿಕೊಂಡು ಧೈರ್ಯ ತೋರಿಸುವವಳನ್ನು ನೋಡುವಂತೆ ನನ್ನನ್ನೇ ನೋಡಿದಳು.

"ನೀ ಎಂತೂ ಯೋಚ್ನೆ ಮಾಡಡ ತಂಗಿ. ನಿನ್ನ ಜಾಗಕ್ಕೆ ರಮಾನಂದ ಭಾವ ಇದ್ದ."

ಅವಳು ಹೇಳಿದ್ದು ಸಮಾಧಾನಕ್ಕೇ. ಅವಳು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಮೈಯಲ್ಲಿ ಕಾಯಿಲೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆದರೆ ನನ್ನ ಜಾಗ ಆಗಲೇ ತುಂಬಿಹೋಗಿದೆ. ಕಾಯಿಲೆ ಇದ್ದದ್ದೇ ಆದರೆ ಮುಂದೆಯೂ ಹೀಗೆಯೇ, ಒಂದೊಂದೇ ಕೆಲಸ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ನನ್ನನ್ನು ಕುರ್ಚಿಯಲ್ಲಿ ಕೂಡಿಸುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಾರೆ, ಅದೇ ನನಗೆ ಹೆದರಿಕೆ. ಶ್ರೀಮತಿ ಅತ್ತಿಗೆಯ ಮರ ಪ್ರತಿ ವರ್ಷವೂ ತಡ, ಅವಳ ಮನೆಯ ಹಪ್ಪಳವೊಂದು ಬಾಕಿಯಿತ್ತು. ಅಷ್ಟರೊಳಗೆ ಹೊನ್ನಾವರದ ಡಾಕ್ಟರು ಏನಾದರೊಂದು ಹೇಳಲಿ, ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ ಎಂದು ದೇವರಿಗೆ ಕೈ ಮುಗಿದೆ.

ಅಂತೂ ಆ ಭಾನುವಾರ ಬಂತು. ಬಸ್ಸು ಹಿಡಿದು ಹೊನ್ನಾವರಕ್ಕೆ ಹೋದೆವು. ದಾರಿಯುದ್ದಕ್ಕೂ ಯಜಮಾನರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಜಪ ಮಾಡುತ್ತಿದ್ದಾರೆಂದು ತಿಳಿದಿದ್ದೆ, ನನ್ನ ಕೂದಲಿನ ಸರಾಸರಿ ನೆನಪಿಟ್ಟುಕೊಳ್ಳುತ್ತಿದ್ದರಂತೆ.

ಡಾಕ್ಟರ್ ಅಮೂಲ್ಯಾ ಚಿಕ್ಕ ವಯಸ್ಸಿನವರು, ನಗುಮುಖ.

"ಹೇಳಿ ಅಮ್ಮ, ಬೆಳಿಗ್ಗೆ ಏಳುವಾಗ ಕೈಕಾಲು ಬಿಗಿಯುತ್ತದೆಯೇ?"

"ಇಲ್ಲ, ಆದರೆ ಒಂದು ಗುರುವಾರ ಎಡಗೈ ಕಿರುಬೆರಳು..." ಎಂದು ಯಜಮಾನರು ಶುರುಮಾಡಿದರು.

"ಬಾಯಿಹುಣ್ಣು?"

"ಒಂದು ಸಲ ಅನುಮಾನ ಬಂದಿತ್ತು, ಅದು ಎಲೆಅಡಿಕೆಯ ಸುಣ್ಣ ತಾಗಿದ್ದು" ಎಂದರು ಯಜಮಾನರೇ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಸರ್, ಪೇಶೆಂಟ್ ನೀವೋ ಇವರೋ?"

ಯಜಮಾನರು ಬಾಯಿ ಮುಚ್ಚಿಕೊಂಡರು. ಇಷ್ಟು ಸುಲಭವಾಗಿ ಅದನ್ನು ಮುಚ್ಚಿಸಬಹುದೆಂದು ನನಗೆ ಮೊದಲೇ ಗೊತ್ತಾಗಿದ್ದರೆ!

ಡಾಕ್ಟರು ನನ್ನ ಒಂದೊಂದು ಗಂಟನ್ನೂ ಒತ್ತಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಬಿ.ಪಿ. ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಉಳಿದ ರಕ್ತದ ವರದಿಗಳನ್ನು ಓದಿದರು. ಆ ಹೊತ್ತಿನಲ್ಲಿ ನನ್ನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಸ್ಟೆತಾಸ್ಕೋಪ್ ಇಲ್ಲದೆಯೂ ಅವರಿಗೆ ಕೇಳಿಸಿರಬೇಕು.

"ನಿಮಗೆ ಯಾವ ಕಾಯಿಲೆಯೂ ಇಲ್ಲ" ಎಂದರು.

"ಮತ್ತೆ ಆ ಕೆಂಪಕ್ಷರ?"

"ಈ ಟೆಸ್ಟ್ ಎಷ್ಟೋ ಜನ ಗಟ್ಟಿಮುಟ್ಟಾಗಿರೋರಲ್ಲೂ ಪಾಸಿಟಿವ್ ಬರ್ತದೆ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಹೆಚ್ಚಿನವರಿಗೆ ಮುಂದೆಯೂ ಏನೂ ಆಗೋದಿಲ್ಲ. ಲಕ್ಷಣ ಇದ್ದವರಿಗೆ ಮಾತ್ರ ಇದನ್ನ ಮಾಡಿಸಬೇಕು. ಲಕ್ಷಣ ಇಲ್ಲದೆ ಬರೀ ವರದಿ ನೋಡಿ ನಾವು ಔಷಧ ಕೊಡೋದಿಲ್ಲ. ಇನ್ನೊಮ್ಮೆ ಮಾಡಿಸಲೂಬೇಡಿ, ಪ್ರಯೋಜನ ಇಲ್ಲ. ಮುಂದೆಂದಾದರೂ ಗಂಟು ಊದಿದರೆ, ಗುಳ್ಳೆ ಎದ್ದರೆ ಬನ್ನಿ. ವರ್ಷಕ್ಕೊಮ್ಮೆ ನಿಮ್ಮ ಊರಿನ ಡಾಕ್ಟರ ಹತ್ತಿರವೇ ಬಿ.ಪಿ., ಮೂತ್ರ ನೋಡಿಸಿಕೊಳ್ಳಿ, ಸಾಕು."

"ಮಾತ್ರೆ?" ಎಂದರು ಯಜಮಾನರು ತಡೆಯಲಾರದೆ.

"ಬೇಡ."

"ಪಥ್ಯ?"

"ಬೇಡ."

"ಬಿಸಿಲು?"

"ಬಿಸಿಲಿಗೆ ಗುಳ್ಳೆ ಏಳದವರಿಗೆ ಬಿಸಿಲು ಏನು ಮಾಡ್ತದೆ ಸರ್? ಎಲ್ಲರ ಹಾಗೆ ಇರಲಿ. ಏನು ಕೆಲಸ ಬೇಕಾದರೂ ಮಾಡಲಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಒಂದು ತಿಂಗಳು ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು, ಸುಮ್ಮನೆ ಅಳು ಬಂತು. ಪಕ್ಕಕ್ಕೆ ತಿರುಗಿದರೆ ಯಜಮಾನರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದಾರೆ. ಒರೆಸುವುದು ಮುಗಿಯುತ್ತಲೇ ಇಲ್ಲ.

"ನೀವೆಂತಕ್ಕೆ ಅಳ್ತ್ರಿ? ನಂಗೆ ಎಂತೂ ಇಲ್ಲೆ ಹೇಳಿದ್ವಲಿ."

"ಅದಕ್ಕೇಯ" ಎಂದರು. "ಪ್ಯಾಕೇಜ್ ಮಾಡ್ಸಿದ್ದು ನಾನೇ ಅಲ್ದಾ? ನಿಂಗೆ ಎಂತಾದ್ರೂ ಆಗಿದ್ರೆ ನಾನೇ ತಂದು ಹಾಕಿದಾಂಗೆ ಆಗ್ತಿತ್ತು ಹೇಳಿ ಕಾಣ್ತಿತ್ತು."

ಲೆಕ್ಕದ ಮಾಸ್ತರರಾಗಿ ಹೀಗೂ ಲೆಕ್ಕ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಟಾರ್ಚು, ಬಾಚಣಿಗೆ, ಫ್ರಿಜ್ಜು ಎಲ್ಲವನ್ನೂ ಆ ಕ್ಷಣದಲ್ಲಿ ಮಾಫಿ ಮಾಡಿಬಿಟ್ಟೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿಂದು ಚಾ ಕುಡಿದೆವು. ಅಷ್ಟು ರುಚಿಯಾದ ಬನ್ಸ್ ನಾನು ಜನ್ಮದಲ್ಲಿ ತಿಂದಿರಲಿಲ್ಲ. ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿ, ಮೊದಲೇ ಹೇಳದ್ದಕ್ಕೆ ಬೈಸಿಕೊಂಡೆ. ಬೈಸಿಕೊಳ್ಳುವುದರಲ್ಲೂ ಒಂದು ಸುಖವಿತ್ತು.

ಮರುದಿನ ಶ್ರೀಮತಿ ಅತ್ತಿಗೆಯ ಮನೆಯ ಹಪ್ಪಳ. ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಯುದ್ಧ ಗೆದ್ದು ರಾಜಧಾನಿಗೆ ಮರಳುವ ಮಹಾರಾಣಿಯಂತೆ ನಡೆದೆ. ಯಜಮಾನರು ನನಗಿಂತ ಮೊದಲೇ ಹೋಗಿದ್ದರು, ವಿಷಯ ತಿಳಿಸಿ ಬರುತ್ತೇನೆಂದು ಹೇಳಿ.

"ಬಾರೇ ಮಂಗಲಾ! ದೇವ್ರು ದೊಡ್ಡವ!" ಎಂದು ಅತ್ತಿಗೆ ಅಪ್ಪಿಕೊಂಡಳು. ಸ್ಮೃತಿ ಕೈ ಹಿಡಿದಳು. ಬಂಗಾರಿ, "ನಾ ಆವತ್ತೇ ಹೇಳ್ಲಿಲ್ವಾ, ಇವ್ರಿಗೆ ಎಂತ ಸೀಕು ಅಂತ!" ಎಂದಳು. ಕಣ್ಣೊರೆಸಿಕೊಂಡು ನನ್ನ ಮಣೆಯ ಹತ್ತಿರ ಹೋದೆ. ಮಣೆಯ ಮುಂದೆ ಯಜಮಾನರು ಪದ್ಮಾಸನ ಹಾಕಿ ಕೂತಿದ್ದರು.

"ಏಳಿ, ನಾ ಬಂದಾತು."

ಯಜಮಾನರು ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಸ್ಮೃತಿಯ ಮುಖ ನೋಡಿದಳು.

"ಭಾವ ಒತ್ತಿದ್ದು ಅಂಚು ಸಮ ಬತ್ತು ಮಾರಾಯ್ತಿ" ಎಂದಳು ಅತ್ತಿಗೆ ಬಹಳ ಮೆತ್ತಗೆ.

"ನಾ ಒತ್ತಿದ್ದು ಸಮ ಬತ್ತಿಲ್ಯಾ?"

ಉತ್ತರದ ಬದಲು ಅವಳು ಒಂದು ಉಂಡೆ ನನ್ನ ಕೈಗೆ ಕೊಟ್ಟಳು. ಯಜಮಾನರನ್ನು ಏಳಿಸಿ ಕೂತೆ. ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಹಾಳೆ ಬಿಡಿಸಿದಾಗ ಹಪ್ಪಳ ಬಂತು, ಹೆಚ್ಚು ಕಡಿಮೆ ನಮ್ಮ ಜಿಲ್ಲೆಯ ನಕಾಶೆಯ ಹಾಗೆ. ಕಾರವಾರದ ಕಡೆ ದಪ್ಪ, ಭಟ್ಕಳದ ಕಡೆ ತೂತು. ಅದರ ಪಕ್ಕದಲ್ಲಿ ಯಜಮಾನರದ್ದು ಹುಣ್ಣಿಮೆಯ ಚಂದ್ರ.

"ಯಾವಾಗ್ಲೂ ಹಿಂಗೇ ಬತ್ತಿತ್ತಾ?" ಎಂದು ಕೇಳಿದೆ.

"ಬೇಜಾರಾಗ್ತು ಹೇಳಿ ಇಷ್ಟು ವರ್ಷ ನಿಂಗೆ ಹೇಳಿದ್ನಿಲ್ಲೆ" ಎಂದಳು ಅತ್ತಿಗೆ. "ಕರಿದ್ರೆ ದಪ್ಪ ಬದಿ ಹಸಿ ಉಳಿತಿತ್ತು."

"ಹೌದಕ್ಕಾ" ಎಂದಳು ಸ್ಮೃತಿ, ನೆಲ ನೋಡುತ್ತ.

ಯಜಮಾನರು ಮಣೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ನಾನು ಉಂಡೆ ಕಟ್ಟಲು ಹೋದೆ, ಅಲ್ಲಿ ಸ್ಮೃತಿ ಇದ್ದಳು. ಗ್ರೈಂಡರಿನ ಹತ್ತಿರ ಬಂಗಾರಿ ಇದ್ದಳು. ಮನೆಗೊಂದು ಆಳಿನ ಲೆಕ್ಕಕ್ಕೆ ನಮ್ಮ ಮನೆಯ ಆಳು ಆಗಲೇ ಕೂತಾಗಿತ್ತು. ನಾನು ಹೆಚ್ಚುವರಿ.

ಆಗ ಅತ್ತಿಗೆಗೆ ಒಂದು ಯೋಚನೆ ಹೊಳೆಯಿತು.

"ತಾರಸಿ ಮೇಲೆ ಕಾಗೆ ಕಾಟ ವಿಪರೀತ ಮಾರಾಯ್ತಿ. ಈ ಬಿಸಿಲಲ್ಲಿ ಕೂಪಲೆ ಯಾರಿಗೂ ಆಗ್ತಿಲ್ಲೆ, ಬಂಗಾರಿಗೆ ತಲೆ ಸುತ್ತು, ನಂಗೆ ಬಿ.ಪಿ. ನಿಂಗಾದ್ರೆ ಬಿಸಿಲು ಅಡ್ಡಿಲ್ಲೆ ಹೇಳಿ ಹೊನ್ನಾವರದ ಡಾಕ್ಟ್ರೇ ಹೇಳಿದ್ವಡಲಿ!"

ನಾನು ಯಜಮಾನರನ್ನು ನೋಡಿದೆ. ಅವರು ಅತ್ಯಂತ ಏಕಾಗ್ರತೆಯಿಂದ ಉಂಡೆಯನ್ನು ಕೇಂದ್ರಬಿಂದುವಿನ ಮೇಲೆ ಇಡುತ್ತಿದ್ದರು.

ಹೀಗೆ ಇಡೀ ಬಾಡದಲ್ಲಿ ತಜ್ಞರಿಂದ ಪರೀಕ್ಷಿಸಲ್ಪಟ್ಟು, ಯಾವ ಕಾಯಿಲೆಯೂ ಇಲ್ಲವೆಂದು ಘೋಷಿತಳಾದ ಏಕಮಾತ್ರ ಮಹಿಳೆಯಾಗಿ, ಕೈಯಲ್ಲೊಂದು ಕೋಲು ಹಿಡಿದು ತಾರಸಿ ಹತ್ತಿದೆ. ಕೆಳಗೆ ಯಾರದೋ ಮನೆಯ ಸುದ್ದಿ ಶುರುವಾಗಿತ್ತು. ಅತ್ತಿಗೆಯ ದನಿ, ಬಂಗಾರಿಯ ನಗು, ನಡುನಡುವೆ "ಹೌದನೇ? ಮತ್ತೆಂತಾತು?" ಎಂದು ನನ್ನ ಗಂಡನ ದನಿ. ಮೇಲೆ ಸೂರ್ಯ, ಸುತ್ತ ಹಪ್ಪಳ, ಕಟ್ಟೆಯ ಮೇಲೆ ಕಾಗೆಗಳು. ಒಂದು ಗಳಿಗೆ ಕೈ ಮುಂದೆ ಹಿಡಿದು ತಿರುಗಿಸಿ ನೋಡಿಕೊಂಡೆ. ಕೆಂಪಿಲ್ಲ, ಗುಳ್ಳೆಯಿಲ್ಲ, ಊತವಿಲ್ಲ. ಸುಳ್ಳು ಏಕೆ ಹೇಳಲಿ, ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ಆದರೆ ತಲೆ ಸುಡುತ್ತಿತ್ತು.

"ಹೋಯ್!" ಎಂದು ಕೆಳಗೆ ಬಗ್ಗಿ ಕೂಗಿದೆ. "ಕೇಳ್ತಾ? ತಲೆ ಸುಡ್ತಾ ಇದ್ದು! ಮುಖ ಎಲ್ಲಾ ಉರಿ!"

ಗ್ರೈಂಡರ್ ನಿಂತಿತು. ಆಮೇಲೆ ಯಜಮಾನರ ದನಿ, ಪಕ್ಕಾ ತಜ್ಞರ ಧಾಟಿಯಲ್ಲಿ, ಮೇಲಕ್ಕೆ ಬಂತು:

"ಅದು ಲಕ್ಷಣದಲ್ಲಿ ಬತ್ತಿಲ್ಲೆ! ಛತ್ರಿ ಹಿಡ್ಕ!"